ಬಸ್ಸಿನ ಮೊದಲ ಪಾವಟಿಗಿ

ಸಿಂಧನೂರಿಗೆ ಬಂದ ಮೂರನೆಯ ದಿನ ಬಚ್ಚಲಿನಲ್ಲಿ ನನ್ನ ಎರಡೂ ಕಾಲು ಕೆಲಸ ಬಿಟ್ಟವು. ಮನೆಯ ಮಾಲಕಿ ಶಾಂತವ್ವ ಹಂಡೆ ತುಂಬ ಸುಡುನೀರು ಕಾಯಿಸಿಟ್ಟಿದ್ದರು. "ನರದ ಬ್ಯಾನಿಗೆ ಬಿಸಿನೀರಿನ ಜಳಕ ಛಲೋ ನೋಡವಾ" ಎಂದಿದ್ದರು. ನಾಲ್ಕನೆಯ ಚೊಂಬಿಗೆ ನೆಲದ ಮೇಲೆ ಕೂತವಳಿಗೆ ಏಳಲಾಗಲಿಲ್ಲ.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆ ಅಲ್ಲಲ್ಲಿ ಹಾಳಾಗಿ, ಮಿದುಳು ಹೇಳಿದ್ದು ಕಾಲಿಗೆ ತಡವಾಗಿ ಮುಟ್ಟುತ್ತದೆ. ಮೈ ಬಿಸಿಯಾದರೆ ಇನ್ನೂ ತಡ. ನಮ್ಮ ಕೋಲಾರದ ಹವೆಯಲ್ಲಿ ಇದು ಅಷ್ಟಾಗಿ ಕಾಡಿರಲಿಲ್ಲ. ಗುಮಾಸ್ತೆಯ ಕೆಲಸ ಸಿಕ್ಕಿದ್ದು ಮಸ್ಕಿಯಲ್ಲಿ. ಫಿಜಿಯೋಥೆರಪಿಗೆ ಅನುಕೂಲವೆಂದು ಸಿಂಧನೂರಿನಲ್ಲಿ ಮನೆ ಹಿಡಿದೆ. "ಮೂರು ತಿಂಗಳು ನೋಡು. ಒಬ್ಬಳೇ ಬಸ್ ಹತ್ತಿ ಹೋಗಿಬರಕ್ಕಾಗ್ಲಿಲ್ಲ ಅಂದ್ರೆ ಕೆಲಸ ಬಿಟ್ಟು ಬಂದ್ಬಿಡು" ಎಂದು ಅಣ್ಣ ಹೇಳಿಯೇ ಕಳಿಸಿದ್ದ. ನನ್ನ ಮೊದಲ ಕೆಲಸ ಅದು, ಬಿಡುವ ಮನಸ್ಸಿರಲಿಲ್ಲ.

ಬಸ್ಸಿನ ಮೊದಲ ಮೆಟ್ಟಿಲು, ಇಲ್ಲಿನವರ ಮಾತಿನಲ್ಲಿ ಪಾವಟಿಗಿ, ನನ್ನ ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ. ಆದರೆ ಹತ್ತಲು ಬಿಟ್ಟರೆ ತಾನೆ? ನಮ್ಮ ಕಡೆ ಗುರುತಿಲ್ಲದವರ ಮೈ ಮುಟ್ಟಲು ಹಿಂಜರಿಯುತ್ತೇವೆ. ಇಲ್ಲಿ "ಹಿಡೀರಿ, ಅಕ್ಕಾರನ್ನ ಹಿಡೀರಿ" ಎಂದು ಹೆಂಗಸರು ಮೇಲಿನಿಂದ ಎಳೆದರೆ, ಜೊತೆಗೆ ಬಂದ ಶಾಂತವ್ವ ಕೆಳಗಿನಿಂದ ನೂಕುವರು. ಜೋಳದ ಚೀಲ ಹೇರಿದ ಹಾಗೆ. ನನಗೆ ಸಿಟ್ಟು ಬರುತ್ತಿತ್ತು, ಬೈಯಲು ಬಾಯಿ ಬರುತ್ತಿರಲಿಲ್ಲ.

ವ್ಯಾಯಾಮ ಕಲಿಸುವ ಡಾಕ್ಟರು ಕೊನೆಗೆ ಶಾಂತವ್ವನನ್ನೇ ಕರೆಸಿದರು. "ನೀವು ಎತ್ತಾಕ ಹತ್ತಿದ್ರ ಇವರ ಕಾಲು ಯಾವಾಗ ಕಲೀಬೇಕ್ರಿ ಅವ್ವ? ಹಿಂದ ನಿಂದರ್ರಿ, ಮುಟ್ಟಬ್ಯಾಡ್ರಿ."

"ಬಿದ್ದರ?"

"ಬೀಳೂಮುಂದ ಹಿಡೀರಿ."

ಮನೆಯಲ್ಲಿ ಗೋಡೆ ಹಿಡಿದು ಒಂದು ಇಟ್ಟಿಗೆ ಹತ್ತಿಳಿದೆ, ವಾರಗಳ ಮೇಲೆ ಎರಡು, ಆಮೇಲೆ ಮೂರು. ಬೆಳಗಿನ ತಂಪಿನಲ್ಲಿ ಮಾತ್ರ, ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು. ದಣಿದ ಮೇಲೆ ಹಟ ಮಾಡಬಾರದೆಂದು ಡಾಕ್ಟರು ಹೇಳಿದ್ದರು. ನನಗೆ ಕಷ್ಟವಾದದ್ದು ಅದೇ. ಮುದ್ದೆ ಬಿಟ್ಟು ರೊಟ್ಟಿಗೆ ಹೊಂದಿಕೊಂಡೆ. ಶಾಂತವ್ವ ಹಂಡೆಯ ಒಲೆ ಹಚ್ಚುವುದು ಬಿಟ್ಟು, ನನ್ನ ಜಳಕಕ್ಕೆ ಗಡಿಗೆಯಲ್ಲಿ ತಣ್ಣೀರು ತುಂಬಿಡತೊಡಗಿದರು.

ಮೂರು ತಿಂಗಳು ಮುಗಿಯುವ ವಾರ. ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಬಂತು, ಎಂದಿನಂತೆ ಕೈಗಳು ಚಾಚಿದವು. "ಮುಟ್ಟಬ್ಯಾಡ್ರಿ, ಆಕಿ ತಾನ ಏರ್ತಾಳ" ಎಂದು ಶಾಂತವ್ವ ಎಲ್ಲರನ್ನೂ ತಡೆದರು. ಕಂಬಿ ಹಿಡಿದೆ. ಬಲಗಾಲು ಏರಿತು. ಎಡಗಾಲು ಸ್ವಲ್ಪ ಯೋಚಿಸಿ, ಬಂತು.

"ಏರ್ಯಾಳ ನೋಡ್ರಿ" ಎಂದು ಅವರು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದರು. ಸೀಟಿನಲ್ಲಿ ಕೂತು ಅಣ್ಣನಿಗೆ ಫೋನ್ ಮಾಡಿದೆ. "ಆಯ್ತು, ಅಲ್ಲೇ ಇರು" ಎಂದ.

ಕಳೆದ ತಿಂಗಳು ರಜೆಗೆ ಕೋಲಾರಕ್ಕೆ ಹೋಗಿದ್ದೆ. ತಂಪು ಗಾಳಿ, ಕಾಲು ಹಗುರ. ಬಸ್ಸು ಸಲೀಸಾಗಿ ಹತ್ತಿದೆ. ಯಾರೂ ಕೈ ಚಾಚಲಿಲ್ಲ, ಯಾರೂ ನೋಡಲೂ ಇಲ್ಲ. ಇದೇ ಬೇಕೆಂದು ಹಟ ಹಿಡಿದಿದ್ದವಳು ಮೇಲೆ ನಿಂತು ಬಾಗಿಲ ಕಡೆ ತಿರುಗಿ ನೋಡಿದೆ.

"ಮುಂದೆ ಹೋಗಮ್ಮ" ಎಂದರು ಹಿಂದಿನವರು.