ಬಾವಿ ಬರಿದು ಮಾಡಿದ ರವಿವಾರ

೧೯೩೫ನೆಯ ಇಸವಿ, ಯುಗಾದಿಗೆ ಮುಂಚಿನ ರವಿವಾರ, ಮುಂಜಾನೆ. ಸೊಲ್ಲಾಪುರದ ನಮ್ಮ ವಾಡೆಯ ಒಳ ಅಂಗಳದಲ್ಲಿ, ಬಾವಿಯ ಮೂಡಣ ಕಟ್ಟೆಗೆ ಬಲಗಾಲು ಒತ್ತಿ ನಾನು ನಿಂತಿದ್ದೆ. ಹಗ್ಗ ಹಿಡಿದವರಲ್ಲಿ ಎರಡನೆಯವನು ನಾನು. ನನ್ನ ಮುಂದೆ ಇದ್ದವನು ಜರ್ಮನಿಯಿಂದ ಬಂದ ಯಹೂದಿ ಹುಡುಗ, ನಮ್ಮ ಮನೆಯ ಹೊರಕೋಣೆಯಲ್ಲಿ ವಾಸವಾಗಿದ್ದವನು. ನನ್ನ ಹಿಂದೆ ನಮ್ಮ ಹೊಲದ ಆಳುಗಳು ಇಬ್ಬರು. ಮೇಲೆ ಬಂದ ನೀರನ್ನು ಕೊಡದಲ್ಲಿ ಹಿಡಿದು ಮೋರಿಗೆ ಚೆಲ್ಲುತ್ತಿದ್ದವರು ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ. ಇದನ್ನು ಮೊದಲೇ ಬರೆದಿಡುತ್ತೇನೆ. ಯಾಕೆಂದರೆ ಆ ದಿನ ಹುಟ್ಟಿಯೇ ಇರದವರು ಈಗ ಆ ದಿನಗಳ ಕಥೆ ಹೇಳುತ್ತಿದ್ದಾರೆ.

ಹೋದ ತಿಂಗಳು ಅಕ್ಕಲಕೋಟೆಯಲ್ಲಿ ನಮ್ಮ ಮನೆತನದ ಒಂದು ಮದುವೆ ಆಯಿತು. ಊಟಕ್ಕೆ ಮೊದಲು ನನ್ನ ದೊಡ್ಡಪ್ಪನ ಮೊಮ್ಮಗ ಮೈಕಿನ ಮುಂದೆ ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಬೀಗರಿಗೆ ನಮ್ಮ ದೊಡ್ಡಸ್ತಿಕೆ ವಿವರಿಸಿದ. ತನ್ನ ದೇಶದವರೇ ಹೊರಗೆ ಹಾಕಿದ ಯಹೂದಿಗೆ ನಮ್ಮ ಅಜ್ಜ ಮನೆಯಲ್ಲಿ ಜಾಗ ಕೊಟ್ಟರು, ಅವನು ಕುಡಿದ ಬಟ್ಟಲನ್ನು ನಾವು ಇವತ್ತಿಗೂ ಜೋಪಾನ ಮಾಡಿದ್ದೇವೆ ಎಂದ. ಜನ ಚಪ್ಪಾಳೆ ಹೊಡೆದರು. ಬಟ್ಟಲು ಜೋಪಾನವಾಗಿರುವುದು ನಿಜ. ನೀಲಿ ಅಂಚಿನ ಪಿಂಗಾಣಿ ಬಟ್ಟಲು, ಗಾಜಿನ ಕಪಾಟಿನಲ್ಲಿ ಬೆಳ್ಳಿ ತಟ್ಟೆಗಳ ನಡುವೆ ಕೂತಿದೆ. ಅದು ಮೊದಲು ಎಲ್ಲಿ ಕೂತಿತ್ತು ಎಂಬುದನ್ನು ಅವನು ಹೇಳಲಿಲ್ಲ. ಹೇಳುವಷ್ಟು ಅವನಿಗೆ ಗೊತ್ತೂ ಇರಲಿಕ್ಕಿಲ್ಲ. ನನಗೆ ಗೊತ್ತಿತ್ತು.

ನಮ್ಮದು ನಾಗಣಸೂರಿನ ಒಕ್ಕಲುತನ. ಶಾಲೆಗೂ ಕೆಲಸಕ್ಕೂ ಬರುವ ಹುಡುಗರಿಗಾಗಿ ದೊಡ್ಡಪ್ಪ ಸೊಲ್ಲಾಪುರದಲ್ಲಿ ಒಂದು ಹಳೆಯ ವಾಡೆ ಹಿಡಿದಿದ್ದ. ಮನೆಯಲ್ಲಿ ಅವನ ಮಾತೇ ಮಾತು. ನಾನು ಒಂದು ಬಟ್ಟೆ ಗಿರಣಿಯ ಬಣ್ಣದ ಉಗ್ರಾಣದಲ್ಲಿ ಕಾರಕೂನನಾಗಿದ್ದೆ. ಹಿಂದಿನ ದಸರೆಯ ಹೊತ್ತಿಗೆ ಈ ಹುಡುಗ ಅಲ್ಲಿಗೆ ಬಂದ. ಹೊಸ ಬಣ್ಣಗಳನ್ನು ನೂಲಿಗೆ ಹಿಡಿಸುವ ವಿಧಾನ ಕಲಿಸಲು ಒಂದು ವರ್ಷದ ಕರಾರು. ನನಗಿಂತ ಒಂದೆರಡು ವರ್ಷ ದೊಡ್ಡವನಿದ್ದಾನು. ಅವನ ತಂದೆಗೆ ಅವರ ಊರಿನಲ್ಲಿ ಬಣ್ಣದ ಅಂಗಡಿ ಇತ್ತು. ಅದರ ಗಾಜು ಒಡೆದಿದ್ದರು, ಇವನನ್ನು ಕಾಲೇಜಿನಿಂದ ತೆಗೆದಿದ್ದರು. ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇಲ್ಲಿ ವರ್ಷ ತುಂಬಿಸಿದರೆ ಗಿರಣಿಯವರು ಒಂದು ಸರ್ಟಿಫಿಕೇಟು ಕೊಡುತ್ತಾರೆ, ಅದನ್ನು ತೋರಿಸಿ ಬೇರೆ ಯಾವುದಾದರೂ ದೇಶದಲ್ಲಿ ಕೆಲಸ ಕೇಳಬಹುದು. ವರ್ಷ ತುಂಬದೆ ಹೊರಟರೆ ಮನೆಗೇ ಹೋಗಬೇಕು. ಮನೆ ಈಗ ಹೋಗುವಂಥ ಜಾಗವಲ್ಲ.

ಹಾಗಾಗಿ ಅವನಿಗೆ ಬೇಕಾಗಿದ್ದದ್ದು ವರ್ಷ ತುಂಬುವ ತನಕ ಒಂದು ಸೂರು, ಉಣ್ಣಬಹುದಾದ ಅನ್ನ. ಅದೂ ಸಿಗಲಿಲ್ಲ. ಗಿರಣಿಯ ಬಂಗಲೆಯಲ್ಲಿ ಅವನ ದೇಶದವರೇ ಇಬ್ಬರು ಫಿಟ್ಟರುಗಳು ಇದ್ದರು. ಇವನು ಊಟಕ್ಕೆ ಕೂತ ಕೂಡಲೇ ಅವರು ಕುರ್ಚಿ ಎತ್ತಿಕೊಂಡು ವರಾಂಡಕ್ಕೆ ಹೋಗುತ್ತಿದ್ದರು. ಮ್ಯಾನೇಜರು ಇವನನ್ನೇ ಕರೆದು, ಸುಮ್ಮನೆ ಯಾಕೆ ಗಲಾಟೆ, ನೀನೇ ಕೋಣೆಯಲ್ಲಿ ಉಣ್ಣು ಎಂದ. ಕೋಣೆಗೆ ಬರುತ್ತಿದ್ದ ತಟ್ಟೆಯಲ್ಲಿ ಇವನ ಧರ್ಮಕ್ಕೆ ಆಗದ ಮಾಂಸ ಇರುತ್ತಿತ್ತು. ಬಾಳೆಹಣ್ಣು, ಬೇಯಿಸಿದ ತತ್ತಿ ತಿಂದು ತಿಂಗಳು ಕಳೆದ. ಕಾಲರು ಕುತ್ತಿಗೆಗೆ ದೊಡ್ಡದಾಗಿದ್ದನ್ನು ನೋಡಿ ನಾನು ಅವನನ್ನು ಮನೆಗೆ ಕರೆದೆ.

ನಮ್ಮ ಪಡಸಾಲೆಯ ಮೆಟ್ಟಿಲಲ್ಲಿ ನಿಂತು ಅವನು ಕೇಳಿದ ಮೊದಲ ಪ್ರಶ್ನೆ, ‘ಈ ಮನೆಗೆ ಮಾಂಸ ಬರುತ್ತದೆಯೆ?’ ಲಿಂಗ ಕಟ್ಟಿದವರ ಮನೆ, ಬಂದೇ ಇಲ್ಲ ಎಂದೆ. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಗತೊಡಗಿದ. ಅವರಲ್ಲಿ ಮಾಂಸಕ್ಕೂ ಹಾಲಿಗೂ ಸಂಪರ್ಕ ಕೂಡದು, ಎರಡರ ಪಾತ್ರೆಗಳೂ ಬೇರೆ ಇರಬೇಕು. ಮಾಂಸವೇ ಇಲ್ಲದ ಅಡುಗೆಮನೆ ಎಂದರೆ ಅವನಿಗೆ ಅರ್ಧ ಚಿಂತೆ ಕಳೆದಂತೆ.

ದೊಡ್ಡಪ್ಪ ಗಿರಣಿಗೆ ಹತ್ತಿ ಹಾಕುತ್ತಿದ್ದ. ‘ಸಾಹೇಬರ ಕಡೆಯವ ಮನಿಯಾಗ ಇದ್ರ ಒಳ್ಳೇದ. ಇರ್ಲಿ. ಒಳ ಹೊಸ್ತಿಲಾ ದಾಟಬಾರ್ದು, ಅಷ್ಟ’ ಎಂದ. ಅವನಿಗೆ ಎಲೆಯಲ್ಲಿ ಊಟ, ಕುಡಿಯಲು ಪೇಟೆಯಿಂದ ತಂದ ಒಂದು ಪಿಂಗಾಣಿ ಬಟ್ಟಲು. ಹಿತ್ತಾಳೆ ಪಾತ್ರೆ ಕೊಟ್ಟರೆ, ಅವನು ಮುಟ್ಟಿದ್ದೆಂದು ಅದನ್ನು ಬೆಂಕಿಯಲ್ಲಿ ಸುಟ್ಟು ಶುದ್ಧ ಮಾಡಬೇಕಲ್ಲ. ಆ ಬಟ್ಟಲು ಹೊರಗಿನ ಗೋಡೆಯ ಗೂಡಿನಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ. ಅವನೇ ತೊಳೆದು ಅವನೇ ಇಡಬೇಕು.

ಅವನು ಅದನ್ನು ಹೇಗೆ ತಿಳಿದುಕೊಂಡ ಎಂಬುದನ್ನೂ ಬರೆದಿಡಬೇಕು. ತನ್ನ ಪಾತ್ರೆ ಬೇರೆಯವರ ಪಾತ್ರೆಯೊಡನೆ ಬೆರೆಯದಿರಲಿ ಎಂದು, ತನ್ನ ಧರ್ಮದ ನಿಯಮ ನಡೆಯಲಿ ಎಂದು ಈ ಮನೆಯವರು ಪ್ರತ್ಯೇಕ ಬಟ್ಟಲು ತಂದಿದ್ದಾರೆ ಎಂದುಕೊಂಡ. ಎದೆಯ ಮೇಲೆ ಕೈಯಿಟ್ಟು ದೊಡ್ಡಪ್ಪನಿಗೆ ತಲೆ ಬಾಗಿಸಿದ. ವೈನಿ ಎತ್ತರದಿಂದ ನೀರು ಸುರಿದಾಗ, ತಮ್ಮ ಕಡೆಯ ಧರ್ಮವಂತ ಹೆಂಗಸರೂ ಹೀಗೇ ಪರಗಂಡಸಿಗೆ ಕೈ ಸೋಕಿಸುವುದಿಲ್ಲ ಎಂದು ಮೆಚ್ಚಿಕೊಂಡ. ನಾನು ಒಮ್ಮೆ ಬಿಡಿಸಿ ಹೇಳಹೋದೆ. ‘ಇಲ್ಲ, ಇಲ್ಲ, ನಿಮ್ಮ ನಿಯಮ ನನಗೆ ಅರ್ಥವಾಗುತ್ತದೆ, ನಮ್ಮದೂ ಹೀಗೇ’ ಎಂದು ನನ್ನನ್ನೇ ಸಮಾಧಾನ ಮಾಡಿದ.

ಮೆಲ್ಲಗೆ ಊರಿಗೆ ಹೊಂದಿಕೊಂಡ. ಶನಿವಾರ ಕೆಲಸ ಮಾಡುವುದಿಲ್ಲ, ಆ ತಾಸುಗಳನ್ನು ಉಳಿದ ದಿನ ಸಂಜೆ ದುಡಿದು ತುಂಬಿಸುತ್ತೇನೆ ಎಂದು ಮ್ಯಾನೇಜರನನ್ನು ಒಪ್ಪಿಸಿದ. ಬಣ್ಣದ ಖಾತೆಯ ಕೂಲಿಗಳು ಅವನಿಗೆ ‘ಶನಿವಾರ ಸಾಹೇಬ’ ಎಂದು ಹೆಸರಿಟ್ಟರು. ‘ಸಾಹೇಬ್ರ, ನಿಮ್ಮ ದೇವರಿಗೆ ಹೇಳ್ರಿ, ನಮಗೂ ಒಂದ ಶನಿವಾರ ಕೊಡ್ಲಿ’ ಎನ್ನುತ್ತಿದ್ದರು. ರೊಟ್ಟಿ ಮುರಿಯಲು ಕಲಿತ, ‘ಸಾಕ್ರಿ’ ಎನ್ನಲು ಕಲಿತ. ಶೇಂಗಾ ಚಟ್ನಿ ತಿಂದು ಕಣ್ಣೀರು ಇಳಿಸಿದಾಗ ವೈನಿ ಬಾಗಿಲ ಮರೆಯಿಂದ ನನಗೆ ಅಂದರು, ‘ಅವ್ವನ ನೆನಪಾತೇನ ಕೇಳ್ರಿ.’ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, ‘ನೆನಪಾದ ದಿನ ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತೇನೆ, ಯಾಕೆ ಅಳುತ್ತೀ ಅಂತ ಯಾರೂ ಕೇಳುವುದಿಲ್ಲ’ ಎಂದ. ಅಂದಿನಿಂದ ವೈನಿ ಅವನ ಎಲೆಗೆ ಚಟ್ನಿ ಬಡಿಸುವಾಗ ನನ್ನನ್ನು ನೋಡಿ, ಹಾಕಲೋ ಬೇಡವೋ ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು.

ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಅವನು ಸ್ನಾನ ಮಾಡಿ, ಅಂಗಿ ಬದಲಿಸಿ, ಕೋಣೆಯಲ್ಲಿ ಎರಡು ದೀಪ ಹಚ್ಚಬೇಕು. ಮುಳುಗಿದ ಮೇಲೆ ಬೆಂಕಿ ಮುಟ್ಟುವಂತಿಲ್ಲ. ನೀರು ಹಾಕುವ ಹೆಂಗಸು ದಿನಾ ಅವನ ಹಂಡೆ ತುಂಬಿಸುತ್ತಿದ್ದಳು. ಯುಗಾದಿಯ ಹಿಂದಿನ ಆ ಶುಕ್ರವಾರ ಅವಳ ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ವಳಸಂಗಕ್ಕೆ ಹೋದವಳು ಬರಲಿಲ್ಲ. ನಾನು ಗಿರಣಿಯಲ್ಲಿದ್ದೆ. ಅವನು ಹಂಡೆಯ ಮುಂದೆ ಕಾದು, ಬಿಸಿಲು ಮಾಳಿಗೆಗೆ ಏರಿದ್ದನ್ನು ನೋಡಿ, ಹೊಸ್ತಿಲು ದಾಟಿ ಒಳ ಅಂಗಳಕ್ಕೆ ಬಂದು, ಬಾವಿಗೆ ಕೊಡ ಇಳಿಸಿ ತಾನೇ ನೀರು ಸೇದಿಕೊಂಡ. ಪಕ್ಕದ ಮಾಳಿಗೆಯಿಂದ ಒಬ್ಬ ಮುದುಕಿ ನೋಡಿದಳು. ಸಂಜೆಗೆ ಓಣಿಗೆಲ್ಲ ಗೊತ್ತಾಯಿತು.

ಶನಿವಾರ ನಮ್ಮ ಮಠದ ಅಯ್ಯನವರು ಬಂದು ದೊಡ್ಡಪ್ಪನ ಪಕ್ಕ ಕೂತರು. ಬಾವಿ ಬರಿದು ಮಾಡಿ, ಕೆಸರು ತೆಗೆದು, ಪಾದೋದಕದ ತೀರ್ಥ ಹಾಕಿದ ಮೇಲೆ ಹೊಸ ನೀರು ಬಳಸಬೇಕು ಎಂದು ತೀರ್ಮಾನ. ಮನುಷ್ಯರಲ್ಲಿ ಹೆಚ್ಚು ಕಡಿಮೆ ಇಲ್ಲವೆಂದು ಶ್ರಾವಣವೆಲ್ಲ ಪುರಾಣ ಹೇಳಿದ್ದೂ ಇದೇ ಅಯ್ಯನವರು, ಅದನ್ನು ಕೇಳಿ ತಲೆ ಆಡಿಸಿದ್ದೂ ಇದೇ ದೊಡ್ಡಪ್ಪ. ನಾನು, ‘ಅವಾ ಏನ್ ಹೊಲಸ ಹಾಕ್ಯಾನ ಬಾವ್ಯಾಗ? ಕೊಡಾ ಇಳಿಸ್ಯಾನ, ನೀರ ತಗೊಂಡಾನ’ ಎಂದೆ. ‘ನಿನಗ ಇಂಗ್ಲಿಷ್ ಭಾಳ ಆಗ್ಯಾದ’ ಎಂದ ದೊಡ್ಡಪ್ಪ.

ರವಿವಾರ ಮುಂಜಾನೆ ಆಳುಗಳು ಹೊಲದಿಂದ ಒಂದು ಮೊಟ್ಟೆ ತಂದರು. ಮೊಟ್ಟೆ ಎಂದರೆ ಎತ್ತು ಕಟ್ಟಿ ನೀರೆತ್ತುವ ಚರ್ಮದ ಚೀಲ. ಇದನ್ನು ಓದುವವರು ಗಮನಿಸಬೇಕು. ನಮ್ಮ ಮನೆಯಲ್ಲಿ ಮುನಸಿಪಾಲಿಟಿಯ ನಳದ ನೀರು ಕುಡಿಯುತ್ತಿರಲಿಲ್ಲ, ನಳದ ತಿರುಪಿನೊಳಗೆ ಚರ್ಮದ ಬಿಲ್ಲೆ, ವಾಶರು, ಇರುತ್ತದೆಂದು. ಅದೇ ಮನೆಯ ಬಾವಿಯ ಶುದ್ಧಿಗೆ ಸತ್ತ ಎಮ್ಮೆಯ ಚರ್ಮ ನಡೆಯಿತು. ಒಬ್ಬ ಮನುಷ್ಯನ ಕೈ ಮಾತ್ರ ನಡೆಯಲಿಲ್ಲ.

ಗದ್ದಲ ಕೇಳಿ ಅವನು ಹೊರಕೋಣೆಯಿಂದ ಹಣಕಿದ. ಹಬ್ಬ ಹತ್ತಿರ ಬಂದಿದೆ, ಮನೆ ಸಾರಿಸುತ್ತಿದ್ದಾರೆ, ಬಾವಿ ತೊಳೆಯುತ್ತಿದ್ದಾರೆ. ಅವನಿಗೆ ಕಂಡದ್ದು ಅಷ್ಟು. ಯಾರನ್ನೂ ಕೇಳದೆ ಪ್ಯಾಂಟು ಮೊಳಕಾಲಿಗೆ ಮಡಚಿ, ತೋಳು ಏರಿಸಿ, ಓಡಿ ಬಂದು ಎಲ್ಲರಿಗಿಂತ ಮುಂದೆ ಹಗ್ಗ ಹಿಡಿದ. ಆಳುಗಳು ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ತೂಗುಮಂಚದಿಂದ ಏಳದೆ, ‘ಇರ್ಲಿ ಬಿಡ್ರಿ. ಮುಟ್ಟಿದಾಂವನ ನೀರ ತೆಗೀಲಿ’ ಎಂದ. ಆಳುಗಳು ನಕ್ಕರು. ಎಲ್ಲರೂ ನಗುವುದನ್ನು ನೋಡಿ ಅವನೂ ನಕ್ಕ.

‘ದೊಡ್ಡಪ್ಪಾ, ಇದ ಸರಿ ಅಲ್ಲ’ ಎಂದೆ. ‘ಹಗ್ಗಾ ಹಿಡಿ’ ಎಂದ. ಅವನೊಬ್ಬನೇ ಹಿಡಿಯಬಾರದೆಂದು ನಾನು ಹಿಡಿದೆ.

ಬಿಸಿಲು ಏರುವ ತನಕ ಅವನು ಎಳೆದ. ಅಂಗೈ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತು, ಕರವಸ್ತ್ರ ಸುತ್ತಿಕೊಂಡು ಮತ್ತೆ ಎಳೆದ. ಎಳೆಯುತ್ತಲೇ ತನ್ನ ತಾಯಿಯ ಸುದ್ದಿ ಹೇಳಿದ. ನಿಮ್ಮ ಹಬ್ಬದ ಹಿಂದೆಯೇ ನಮ್ಮದೂ ಒಂದು ಹಬ್ಬ ಬರುತ್ತದೆ, ಅದಕ್ಕೆ ಮೊದಲು ಅಮ್ಮ ಹೀಗೇ ಮನೆಯೆಲ್ಲ ತೊಳೆಯುತ್ತಾಳೆ, ಕಿಸೆಯ ಮೂಲೆಯ ರೊಟ್ಟಿ ಚೂರನ್ನೂ ಬಿಡುವುದಿಲ್ಲ, ಪಾತ್ರೆಗಳನ್ನು ಕುದಿಯುವ ನೀರಿಗೆ ಹಾಕುತ್ತಾಳೆ ಎಂದ. ಇಷ್ಟು ದೂರ ಬಂದು ಅದೇ ಕೆಲಸ ಸಿಕ್ಕಿತು ನೋಡು ಎಂದ. ಅವನ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೆಸರು ಮುಗಿದು, ತಳದ ಸೆಲೆ ಒಡೆದು ತಿಳಿನೀರು ಕೂಡಿತು. ಅಯ್ಯನವರು ಪಾದೋದಕ ಹಾಕಿದರು. ವೈನಿ ಮೊದಲ ಕೊಡ ಸೇದಿದರು. ದುಡಿದವರಿಗೆಲ್ಲ ಒಂದೊಂದು ತಂಬಿಗೆ ನೀರು, ಒಂದೊಂದು ಚೂರು ಬೆಲ್ಲ. ಅವನು ಹೊರಗೆ ಓಡಿ ಗೂಡಿನಿಂದ ಬಟ್ಟಲು ತಂದು, ಎಲ್ಲರ ಸಾಲಿನಲ್ಲಿ ನಿಂತು, ಕರವಸ್ತ್ರ ಸುತ್ತಿದ ಕೈಯಲ್ಲಿ ಬಟ್ಟಲು ಮುಂದೆ ಚಾಚಿದ.

‘ಅವಗ ಬ್ಯಾಡ’ ಎಂದ ದೊಡ್ಡಪ್ಪ. ‘ಈಗಷ್ಟ ಶುದ್ಧ ಆಗ್ಯಾದ. ಅವಗ ನಳದ ನೀರ ತಂದ ಕೊಡ್ರಿ.’

ಮಾವನ ಎದುರು ವೈನಿ ಅಲ್ಲಿಯವರೆಗೆ ಬಾಯಿ ತೆರೆದವರಲ್ಲ. ತಲೆಯ ಸೆರಗು ಹಾಗೇ ಇಟ್ಟುಕೊಂಡು, ನೆಲ ನೋಡುತ್ತ ಅಂದರು, ‘ಬಾವಿ ತೊಳದವಗ ಆ ಬಾವಿ ನೀರ ಇಲ್ಲಂದ್ರ ಹ್ಯಾಂಗ್ರಿ ಮಾವಾರ?’

‘ಒಳಗ ನಡಿ’ ಎಂದ ದೊಡ್ಡಪ್ಪ.

ಮಾತು ಅವನಿಗೆ ತಿಳಿಯಲಿಲ್ಲ. ಆದರೆ ಆಳುಗಳು ಕುಡಿಯುತ್ತಿದ್ದರು, ಅವನ ಬಟ್ಟಲು ಬರಿದಾಗಿತ್ತು. ನನ್ನ ಕಡೆ ತಿರುಗಿ, ‘ಈ ಬಾವಿಯನ್ನು ನಾವು ಯಾಕೆ ತೊಳೆದೆವು?’ ಎಂದು ಕೇಳಿದ. ನಾನು ಹೇಳಿದೆ. ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿ, ‘ಬಟ್ಟಲು?’ ಎಂದ. ಅದನ್ನೂ ಹೇಳಿದೆ.

ಅವನು ಸಿಟ್ಟು ಮಾಡಲಿಲ್ಲ. ‘ಬಂಗಲೆಯವರು ಕುರ್ಚಿ ಎತ್ತಿದಾಗ ನನಗೆ ಕೂಡಲೇ ಅರ್ಥವಾಗಿತ್ತು’ ಎಂದಷ್ಟೇ ಹೇಳಿದ. ಹೊರಗೆ ಹೋಗಿ ಬಟ್ಟಲನ್ನು ಗೂಡಿನಲ್ಲಿ ಬೋರಲು ಇಟ್ಟ. ಮಧ್ಯಾಹ್ನದ ಗಾಡಿಗೆ ಮುಂಬಯಿಗೆ ಹೊರಟ. ಅಲ್ಲಿ ತನ್ನವರು ಕೆಲವರಿದ್ದಾರೆ ಎಂದ. ನಾನು ಸ್ಟೇಶನ್ನಿನ ತನಕ ಟ್ರಂಕು ಹೊತ್ತೆ. ವರ್ಷ ತುಂಬಲಿಲ್ಲ, ಗಿರಣಿಯವರು ಸರ್ಟಿಫಿಕೇಟು ಕೊಡಲಿಲ್ಲ. ಮುಂಬಯಿಯಲ್ಲಿ ಕೆಲಸ ಸಿಕ್ಕಿತೆಂದು ಒಬ್ಬರು ಹೇಳಿದರು, ಮನೆಗೇ ಹಡಗು ಹತ್ತಿದನೆಂದು ಇನ್ನೊಬ್ಬರು. ಯಾವುದು ನಿಜವೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ. ಯುದ್ಧ ಮುಗಿದು, ಜರ್ಮನಿಯವರು ಯಹೂದಿಗಳನ್ನು ಕೊಂದ ಸುದ್ದಿಗಳು ಪತ್ರಿಕೆಯಲ್ಲಿ ಬಂದಾಗ ನಾನು ದೊಡ್ಡಪ್ಪನ ಮುಂದೆ ಪತ್ರಿಕೆ ಇಟ್ಟೆ. ಅವನು ಓದಿ, ಮಡಚಿ, ‘ಹೋಗು ಅಂತ ನಾವೇನ್ ಅಂದಿದ್ದಿಲ್ಲಲ್ಲ’ ಎಂದ.

ಅಂದಿರಲಿಲ್ಲ, ನಿಜ. ಆ ಮಾತು ನಿಜವಾಗಿರುವುದೇ ನನಗೆ ಸಹಿಸಲಾಗದ್ದು. ಈಗ ಅದೇ ಮಾತು ಬೆಳೆದು ಮೈಕಿನ ಮುಂದೆ ನಿಂತಿದೆ, ಬಟ್ಟಲು ಗೂಡಿನಿಂದ ಬೆಳ್ಳಿಯ ನಡುವೆ ಬಂದಿದೆ. ಜಾಗ ಕೊಟ್ಟೆವು ಎನ್ನುವವರು ಯಾವ ಜಾಗ ಎಂಬುದನ್ನೂ ಹೇಳಬೇಕು. ಚಪ್ಪಲಿ ಬಿಡುವ ಜಾಗದ ಮೇಲಿನ ಗೂಡು ಎಂದು ಹೇಳಬೇಕು.

ನನ್ನ ಮಾತು ನಂಬದವರು ಇನ್ನಿಬ್ಬರನ್ನು ಕೇಳಬಹುದು. ಹಗ್ಗ ಹಿಡಿದ ಆಳುಗಳಲ್ಲಿ ಕಿರಿಯವನು ನಾಗಣಸೂರಿನಲ್ಲಿ ಕುರಿ ಕಾಯುವುದನ್ನು ಮಕ್ಕಳಿಗೆ ಬಿಟ್ಟು ಬೀರೋಬಾನ ಗುಡಿಯ ಕಟ್ಟೆಯಲ್ಲಿ ಕೂತಿರುತ್ತಾನೆ. ತಾನು ನಕ್ಕದ್ದನ್ನೂ ಹೇಳುತ್ತಾನೆ. ಇನ್ನೊಬ್ಬರು ವೈನಿ. ಅಂದು ಒಳಗೆ ನಡೆ ಎಂದಾಗ ಅವರು ತಮ್ಮ ಪಾಲಿನ ತಂಬಿಗೆಯನ್ನು ತುಳಸಿಯ ಬುಡಕ್ಕೆ ಸುರಿದು ಹೋದದ್ದನ್ನು ನಾನು ನೋಡಿದ್ದೇನೆ. ಮೊನ್ನೆ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು, ಚಪ್ಪಾಳೆಗೆ ಕೈ ಎತ್ತಲಿಲ್ಲ. ಈಗ ಕರಜಗಿಯಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ.