ಏಳು ಬಾಲಿನ ಓವರು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಮಗಳು ಮೇಘನಾ ಅಡುಗೆಮನೆಯಲ್ಲಿ ನಿಂತು ಕೈಕಾಲಿಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಳ್ಳುತ್ತಿದ್ದಳು. ಗೆಳತಿಯರ ಜೊತೆ ಗುಡ್ಡ ಹತ್ತಲು ಹೊರಟಿದ್ದಳು. ಆ ವಾಸನೆ ನಿಮಗೂ ಗೊತ್ತಿರಬಹುದು: ಅರ್ಧ ತೆಂಗಿನಕಾಯಿ, ಅರ್ಧ ಔಷಧಿ ಅಂಗಡಿ. ಲೋಕಕ್ಕೆಲ್ಲ ಅದು ಸಮುದ್ರತೀರದ ವಾಸನೆ ಇದ್ದೀತು, ನನ್ನ ಪಾಲಿಗೆ ಕ್ರಿಕೆಟ್ಟಿನ ವಾಸನೆ. ಕಾಫಿ ಲೋಟ ಹಿಡಿದು ಸುಮ್ಮನೆ ನಿಂತುಬಿಟ್ಟೆ. "ಏನಪ್ಪಾ, ವಾಟ್ ಹ್ಯಾಪನ್ಡ್?" ಅಂದಳು. ಹೇಳುತ್ತಾ ಹೋದೆ. ನಿಮಗೂ ಹೇಳುತ್ತೇನೆ.

ನಾನು ಕ್ರಿಕೆಟ್ ಆಡುತ್ತಿದ್ದೆ ಅಂದರೆ ನನ್ನ ಹೆಂಡತಿ ಲತಾ ಈಗಲೂ ನಗುತ್ತಾಳೆ. ನಗುವುದು ನ್ಯಾಯವೇ. ಪಾಲೋ ಆಲ್ಟೋದ ನಮ್ಮ ತಂಡದಲ್ಲಿ ನನ್ನ ಜಾಗ ಭದ್ರವಾಗಿದ್ದದ್ದು ಬ್ಯಾಟಿನಿಂದಲೂ ಅಲ್ಲ, ಬಾಲಿನಿಂದಲೂ ಅಲ್ಲ, ನನ್ನ ಹಳೆಯ ವ್ಯಾನಿನಿಂದ. ಪಿಚ್ಚಿಗೆ ಹಾಸುವ ತೆಂಗಿನ ನಾರಿನ ಮ್ಯಾಟು ಬೇರೆ ಯಾರ ಕಾರಿನಲ್ಲೂ ಹಿಡಿಸುತ್ತಿರಲಿಲ್ಲ. ಮ್ಯಾಟಿನ ಜೊತೆ ನಾನೂ ಹೋಗುತ್ತಿದ್ದೆ. ಹನ್ನೊಂದನೆಯವನಾಗಿ ಬ್ಯಾಟಿಗೆ ಇಳಿಯುವವನಿಗೆ ಉಳಿದ ಹೊತ್ತಿನಲ್ಲಿ ಏನು ಕೆಲಸ? ಅಲ್ಲಿಯ ಲೀಗಿನಲ್ಲಿ ಬ್ಯಾಟಿಂಗ್ ಮಾಡುವ ತಂಡದವರೇ ಅಂಪೈರಾಗಿ ನಿಲ್ಲಬೇಕಿತ್ತು. ಹಾಗಾಗಿ ನಾನು ಬಿಳಿ ಟೋಪಿ ಹಾಕಿ, ಮೂಗಿಗೆ ಸನ್‌ಸ್ಕ್ರೀನ್ ಮೆತ್ತಿಕೊಂಡು, ಜೇಬಿನಲ್ಲಿ ಆರು ಕಲ್ಲು ಇಟ್ಟುಕೊಂಡು ನಿಲ್ಲುತ್ತಿದ್ದೆ. ಒಂದು ಬಾಲಿಗೆ ಒಂದು ಕಲ್ಲು ಎಡಜೇಬಿನಿಂದ ಬಲಜೇಬಿಗೆ.

ಡಾಟ್‌ಕಾಂ ಗುಳ್ಳೆ ಒಡೆದ ಮರುವರ್ಷದ ಬೇಸಿಗೆ ಅದು. ಫ್ರೀವೇಗಳಲ್ಲಿ ಬೆಳಗಿನ ಟ್ರಾಫಿಕ್ಕೇ ಕಮ್ಮಿಯಾಗಿತ್ತು. ಆಫೀಸುಗಳ ಮುಂದೆ ಗಾಲಿ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ಆ ಶುಕ್ರವಾರ ನಮ್ಮ ಆಫೀಸಿನಲ್ಲೂ ಜನರನ್ನು ಒಬ್ಬೊಬ್ಬರಾಗಿ ಮೀಟಿಂಗ್ ರೂಮಿಗೆ ಕರೆದರು. ನನ್ನ ಪಕ್ಕದ ಕ್ಯೂಬಿಕಲ್ಲಿನ ರಘುವನ್ನೂ ಕರೆದರು. ಮಂಡ್ಯದ ಹುಡುಗ, ಮದುವೆಯಾಗಿರಲಿಲ್ಲ, ಕೆಲಸದಲ್ಲಿ ಚುರುಕು, ಆಟದಲ್ಲಿ ಇನ್ನೂ ಚುರುಕು. ಅವನು ಒಂದು ರಟ್ಟಿನ ಡಬ್ಬದೊಂದಿಗೆ ಹೊರಟುಹೋದ. ನನ್ನನ್ನು ಕರೆಯಲಿಲ್ಲ. ಕೆಲಸ ಹೋದರೆ ವೀಸಾವೂ ಹೋಗಿ ಊರಿಗೆ ಮರಳಬೇಕಿದ್ದ ಕಾಲ. ರಘುವನ್ನು ಕರೆದು ಕೆಲಸ ಹೋಯಿತೆಂದು ಹೇಳಿದವರು ನಮ್ಮಿಬ್ಬರಿಗೂ ಮ್ಯಾನೇಜರಾಗಿದ್ದ ಹಾಸನದ ಮೂರ್ತಿ. ನಮಗಿಂತ ಹತ್ತು ವರ್ಷ ಹಿರಿಯರು. ನಮ್ಮ ಕ್ರಿಕೆಟ್ ತಂಡದ ಕ್ಯಾಪ್ಟನ್ನೂ ಅವರೇ.

ಭಾನುವಾರ ಸಮುದ್ರದ ಕೊಲ್ಲಿಯ ಆಚೆ ದಡದ ಹೇವರ್ಡಿನಲ್ಲಿ ಪಂದ್ಯ. ರಘು ಬರುವುದಿಲ್ಲ ಅಂದುಕೊಂಡಿದ್ದೆ. ನಾನು ಮ್ಯಾಟು ಇಳಿಸುವಾಗ ಅವನೇ ಬಂದು ಇನ್ನೊಂದು ತುದಿ ಹಿಡಿದ. "ಮನೇಲಿ ಕೂತು ಏನ್ ಮಾಡ್ಲಿ?" ಅಂದ. ಅಷ್ಟೇ.

ಗೋದಾಮುಗಳ ಹಿಂದಿನ ಪಾರ್ಕು ಅದು. ಅರ್ಧ ಮೈದಾನ ಬೇಸ್‌ಬಾಲಿನವರದು, ಒಂದು ಕಡೆ ಅವರ ತಂತಿಬೇಲಿಯೇ ನಮ್ಮ ಬೌಂಡರಿ. ಆ ಬೇಲಿ ಎಷ್ಟು ಹತ್ತಿರವೆಂದರೆ ಸುಮ್ಮನೆ ಬ್ಯಾಟು ತಗಲಿಸಿದರೂ ನಾಲ್ಕು. ಕೊಲ್ಲಿಯ ಗಾಳಿಯೂ ಅತ್ತಲೇ ಬೀಸುತ್ತಿತ್ತು. ಹೇವರ್ಡಿನವರು ಮೊದಲು ಬ್ಯಾಟ್ ಮಾಡಿ ಮುನ್ನೂರ ಹನ್ನೊಂದು ಬಾರಿಸಿದರು. ನಾವು ಫೀಲ್ಡಿಂಗ್ ಮಾಡಿದ ರೀತಿಗೆ ಇನ್ನೂ ಐವತ್ತು ಹೊಡೆಯಬಹುದಿತ್ತು. ನಮ್ಮಲ್ಲಿ ಯಾರಿಗೂ ಆಟದ ಮೇಲೆ ಮನಸ್ಸಿರಲಿಲ್ಲ. ನಾನಂತೂ ಒಂದು ಕ್ಯಾಚಿನ ಕೆಳಗೆ ಹೋಗಿ ನಿಂತು, ಬಾಲು ನನ್ನ ಹಿಂದೆ ಬಿದ್ದದ್ದನ್ನು ಸದ್ದಿನಿಂದ ತಿಳಿದುಕೊಂಡೆ.

ನಮ್ಮ ಸರದಿ ಬಂದಾಗ ಅರ್ಧ ಓವರುಗಳು ಮುಗಿಯುವಷ್ಟರಲ್ಲಿ ಮೂರ್ತಿ ಒಂದು ತುದಿಯಲ್ಲಿ, ರಘು ಇನ್ನೊಂದು ತುದಿಯಲ್ಲಿ ಬ್ಯಾಟಿಗೆ ನಿಂತಿದ್ದರು. ಶುಕ್ರವಾರದಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಈಗ ಮಾತಾಡದೆ ಓಡುವುದು ಹೇಗೆ? ಬೌಂಡರಿ ಬಂದರೆ ಸರಿ, ಇಲ್ಲದಿದ್ದರೆ ಸುಲಭದ ಒಂಟಿ ರನ್ನು ಕೂಡ ಬಿಟ್ಟುಹೋಗುತ್ತಿತ್ತು. ಒಬ್ಬರು ಎರಡು ಹೆಜ್ಜೆ ಬರುವುದು, ಇನ್ನೊಬ್ಬರು ಬೇರೆ ಕಡೆ ನೋಡುವುದು. ಕೊನೆಗೆ ನಾನೇ, "ಬಾಯಿ ಬಿಟ್ಟು ಕರೀರಪ್ಪ, ಇಲ್ಲಾಂದ್ರೆ ಇಬ್ರೂ ಹೋಗ್ತೀರಿ" ಅಂದೆ. ಅಂಪೈರು ಹೇಳಬಾರದ ಮಾತು. ಎದುರು ತಂಡದ ಕ್ಯಾಪ್ಟನ್ ಕಾಮತರು ಮಂಗಳೂರಿನವರು, ಅಲ್ಲಿ ಕನ್ನಡ ಬರುತ್ತಿದ್ದ ಎದುರಾಳಿ ಅವರೊಬ್ಬರೇ. ಕೇಳಿಸಿಕೊಂಡು, ತಮ್ಮ ಬೌಲರಿಗೆ ಬಾಲು ಎಸೆದರು.

ಆಮೇಲೆ ಕರೆಯತೊಡಗಿದರು. "ಬನ್ನಿ." "ಬೇಡ." "ಎರಡು." ಬರೀ ಅಷ್ಟೇ. ಆದರೆ ಆ ಮೂರು ಮಾತಿನಲ್ಲೇ ರನ್ನು ಏರಿತು ನೋಡಿ. ಇನ್ನೂರು ದಾಟಿತು, ಇನ್ನೂರೈವತ್ತು ದಾಟಿತು. ದೂರ ಕೂತಿದ್ದ ನಮ್ಮವರು ಒಬ್ಬೊಬ್ಬರಾಗಿ ಎದ್ದು ನಿಂತರು. ನಾನು ಕಲ್ಲು ಬದಲಾಯಿಸುತ್ತಾ, ಇಂಥ ಆಟವನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಹನ್ನೊಂದನೆಯವನಿಗೆ ಮಾತ್ರ ಅಂದುಕೊಳ್ಳುತ್ತಿದ್ದೆ.

ಒಂದು ಓವರಿನ ನಡುವೆ ಮೂರ್ತಿ ಹೊಡೆದ ಬಾಲು ಬೇಲಿಯ ಆಚೆ ಹೋಯಿತು. ಹುಡುಕಿ ತರುವಷ್ಟು ಹೊತ್ತು ಆಟ ನಿಂತಿತು. ರಘು ನನ್ನ ಪಕ್ಕದಲ್ಲೇ ಬ್ಯಾಟಿಗೆ ಒರಗಿ ನಿಂತಿದ್ದ. ಮೂರ್ತಿ ನಡೆದುಬಂದರು.

"ನನ್ನ ಹೆಸರು ಕೊಟ್ಟಿದ್ದು ಯಾರು?" ರಘು ಕೇಳಿದ.

"ನಾನೇ," ಅಂದರು ಮೂರ್ತಿ. "ಇಬ್ಬರಲ್ಲಿ ಒಬ್ಬರನ್ನ ಹೇಳಿ ಅಂದ್ರು ಮೇಲಿನವರು. ನೀನು, ಇಲ್ಲ ಇವನು." ಬ್ಯಾಟಿನ ತುದಿಯಿಂದ ನನ್ನ ಬೂಟು ತೋರಿಸಿದರು. ನನ್ನ ಮುಖ ನೋಡಲಿಲ್ಲ. "ಇವನ ಹೆಂಡತಿಗೆ ಏಳು ತಿಂಗಳು. ಈಗ ಕೆಲಸದ ಜೊತೆ ಆಸ್ಪತ್ರೆ ಇನ್ಶೂರೆನ್ಸೂ ಹೋದ್ರೆ ಹೆರಿಗೆಗೆ ಎಲ್ಲಿಗೆ ಹೋಗ್ತಾನೆ?"

ರಘು ಬ್ಯಾಟಿನಿಂದ ಮ್ಯಾಟನ್ನು ಒಮ್ಮೆ ಕುಟ್ಟಿದ. "ಕೆಲಸದಲ್ಲಿ ಯಾರು ಮೇಲು?"

"ನೀನು."

ಅದು ನನಗೂ ಗೊತ್ತಿದ್ದ ವಿಷಯವೇ. ಆದರೂ ಗೊತ್ತಿರುವುದು ಬೇರೆ, ನಿಂತಲ್ಲೇ ನಿಂತು ಕೇಳುವುದು ಬೇರೆ. ಅಷ್ಟರಲ್ಲಿ ಬಾಲು ಸಿಕ್ಕಿತು, ಆಟ ಮುಂದುವರಿಯಿತು. ಕಲ್ಲು ಬದಲಾಯಿಸದೆ ನನ್ನ ಕೈ ಜೇಬಿನಲ್ಲೇ ಉಳಿಯಿತು. ಓವರು ಮುಗಿಯುವುದೇ ಇಲ್ಲವಲ್ಲ ಅಂತ ಬೌಲರು ನನ್ನನ್ನು ನೋಡಿದಾಗ ಎಚ್ಚರವಾಯಿತು. ಕಾಮತರು ನನ್ನನ್ನು ದಾಟಿ ಹೋಗುವಾಗ ಮೆಲ್ಲಗೆ, "ಏಳು ಬಾಲು ಆಯಿತು ಮಾರಾಯ್ರೆ. ಇರಲಿ," ಅಂದರು. ಅವರಿಗೂ ಎಲ್ಲ ಕೇಳಿಸಿತ್ತು.

ಗೆಲ್ಲಲು ಮೂವತ್ತು ಚಿಲ್ಲರೆ ಉಳಿದಿದ್ದಾಗ ರಘು ಬಾಲನ್ನು ಕಾಮತರ ಕಡೆ ತಳ್ಳಿ, "ಬನ್ನಿ" ಎಂದು ಕೂಗಿ, ನನ್ನ ತುದಿಗೆ ಓಡಿಬಂದ. ಕಾಮತರು ಒಂದೇ ಕೈಯಲ್ಲಿ ಎತ್ತಿ ಎಸೆದರು. ನನ್ನೆದುರೇ ಸ್ಟಂಪು ಬಿತ್ತು. ರಘುವಿನ ಬ್ಯಾಟು ಗೆರೆಯ ಮೇಲಿತ್ತು, ಒಳಗಿರಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ಅಂಥ ದಿನ ನಾನು ಔಟಲ್ಲ ಎಂದು ತಲೆಯಾಡಿಸಿದ್ದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ, ಕಾಮತರೂ ಬರುತ್ತಿರಲಿಲ್ಲ. ಒಂದು ಚೂರು ಅನುಮಾನ ಇದ್ದರೂ ಸಾಕಿತ್ತು. ಇರಲಿಲ್ಲ. ನಾನು ಬೆರಳೆತ್ತಿದೆ.

ರಘು ಗೆರೆಯನ್ನು ನೋಡಿದ, ನನ್ನನ್ನು ನೋಡಿದ. "ಔಟೇ ಕಣೋ," ಅಂದು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದ. ಮೂರ್ತಿ ಆಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾವು ಒಂಬತ್ತು ರನ್ನಿನಿಂದ ಸೋತೆವು. ಕೊನೆಗೆ ನಾನೂ ಇಳಿದೆ, ಒಂದು ಬಾಲು ಆಡಿದೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಮೂರ್ತಿ ಊಟಕ್ಕೂ ನಿಲ್ಲದೆ ಕಾರು ಹತ್ತಿದರು. ರಘು ಮತ್ತು ನಾನು ಮ್ಯಾಟು ಸುತ್ತಿದೆವು. "ರಘು, ನಾನು..." ಎಂದು ಶುರುಮಾಡಿದೆ. "ಇವತ್ತು ಬೇಡ," ಅಂದ. ಮುಂದಿನ ತಿಂಗಳು ಊರಿಗೆ ಹೊರಟುಹೋದ. ಈಗ ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಪ್ರತಿ ಯುಗಾದಿಗೆ ಫೋನ್ ಮಾಡುತ್ತೇನೆ. ಅಲ್ಲಿ ಸೆಕೆ ಹೇಗಿದೆ ಕೇಳುತ್ತೇನೆ, ಇಲ್ಲಿಯ ಚಳಿ ಹೇಳುತ್ತೇನೆ. ಅವನು 'ಬೇಡ' ಅಂದ 'ಇವತ್ತು' ಇಪ್ಪತ್ತು ವರ್ಷ ದಾಟಿತು.

ಇಷ್ಟು ಕೇಳಿ ಮೇಘನಾ ಕುರ್ಚಿಯ ಮೇಲೆ ಕೂತಳು. "ಸೋ, ನನ್ನಿಂದ ಅವರ ಜಾಬ್ ಹೋಯ್ತಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ನನ್ನ ಫೋನಿನಲ್ಲಿ ಅವನ ನಂಬರು ಹುಡುಕಿ, ಸ್ಪೀಕರ್ ಹಾಕಿ, ಒತ್ತಿಯೇಬಿಟ್ಟಳು. ಮೈಸೂರಿನಲ್ಲಿ ರಾತ್ರಿ ಊಟದ ಹೊತ್ತು.

"ಅಂಕಲ್, ನಾನು ಮೇಘನಾ. ಅಪ್ಪ ಆ ಮ್ಯಾಚ್ ಬಗ್ಗೆ ಹೇಳಿದ್ರು. ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅನ್ನಿಸ್ತು."

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು.

"ನನಗ್ಯಾಕಮ್ಮ ಥ್ಯಾಂಕ್ಸು? ನಾನೇನೂ ಬಿಟ್ಟುಕೊಡ್ಲಿಲ್ಲ. ನನ್ನನ್ನ ಯಾರೂ ಕೇಳ್ಲೇ ಇಲ್ಲ."

"ಕೇಳಿದ್ರೆ?"

"ಕೊಡ್ತಿರ್ಲಿಲ್ಲ ಅನ್ಸುತ್ತೆ. ಆಗ ತುಂಬ ಕೋಪ ಇತ್ತು. ನಿಮ್ಮಪ್ಪನ ಮೇಲೂ ಇತ್ತು, ಅವನದೇನೂ ತಪ್ಪಿಲ್ಲ ಅಂತ ಗೊತ್ತಿದ್ರೂ."

"ಐ ಆಮ್ ಸಾರಿ, ಅಂಕಲ್."

"ಅಯ್ಯೋ, ನೀನು ಆಗ ಹುಟ್ಟೇ ಇರ್ಲಿಲ್ಲವಲ್ಲಮ್ಮ," ಅಂದ ರಘು. ದನಿಯಲ್ಲಿ ನಗು ಇತ್ತು. "ಈಗ ಏನ್ ಮಾಡ್ತಿದೀಯ, ಅದು ಹೇಳು."

ಅವಳು ಹೇಳಿದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಅವನು ಮೇಷ್ಟರ ಹಾಗೆ ಒಂದೊಂದೇ ಪ್ರಶ್ನೆ ಕೇಳಿದ. ಬಾಗಿಲಿನ ಹೊರಗೆ ಅವಳ ಗೆಳತಿಯ ಕಾರು ಎರಡು ಸಲ ಹಾರ್ನ್ ಮಾಡಿತು. ಮೇಘನಾ ಫೋನನ್ನು ನನ್ನ ಕೈಗೆ ತುರುಕಿ, "ಮಾತಾಡಿ ಅಪ್ಪಾ," ಎಂದು ಓಡಿದಳು.

ಮೈಸೂರಿನ ಸೆಕೆಯ ಪ್ರಶ್ನೆ ನಾಲಿಗೆಯ ತುದಿಗೇ ಬಂದಿತ್ತು. ಸ್ಪೀಕರ್ ಆರಿಸಿ, ಕಿವಿಗೆ ಹಿಡಿದೆ.

"ರಘು," ಅಂದೆ.

"ಹೇಳೋ," ಅಂದ. "ಊಟ ಆಯ್ತು. ಟೈಮಿದೆ."

ನಾನು ಕೂತೆ.