ಮನೆ ಹೊತ್ತ ಲಾರಿಗೆ ಗಾಳಿ ಹಾಕುವ ನಜೀರಸಾಬರು

ಯಲಬುರ್ಗಾ ಊರಾಚೆಯ ಬಯಲಿನಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ನಾಟಕ ಕಂಪನಿಯ ಲಾರಿಯ ಹಿಂದಿನ ಗಾಲಿಯ ಪಕ್ಕದಲ್ಲಿ ನಜೀರಸಾಬರು ಕೈಪಂಪಿನ ಮೇಲೆ ಬಾಗಿದ್ದಾರೆ. ಬಲಗೈ ಹಿಡಿಕೆಯ ಮೇಲೆ ಸುಮ್ಮನೆ ಕೂತಿದೆ, ಒತ್ತುವುದೆಲ್ಲ ಎಡಗೈ. ನಾಲ್ಕು ಸಲ ಒತ್ತಿ ನಿಲ್ಲುತ್ತಾರೆ, ಉಸಿರು ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಲಾರಿಯೊಳಗೆ ಮಾಲೀಕ ಉಮಾಪತಿಯವರ ಸಂಸಾರ ಗೊರಕೆ ಹೊಡೆಯುತ್ತಿದೆ. ಒಬ್ಬರಾದರೂ ಎದ್ದು ಬಂದು ಕೈ ಜೋಡಿಸಬಾರದೇ ಎಂದು, ಇವರ ಬಗ್ಗೆ ಬರೆಯಲು ಬಂದ ನನಗೆ ಸಿಟ್ಟು.

“ಮಲಗ್ಲಿ ಬಿಡ್ರಿ. ನಾಟಕ ಮುಗಿಯೋದು ಭಾಳ ತಡಾ ಆಗೇತಿ. ಅವ್ರು ಎದ್ರ ಸಲಹಾ ಕೊಡಾಕ ಸುರು ಮಾಡ್ತಾರ” ಎಂದು ನಜೀರಸಾಬರು ನಗುತ್ತಾರೆ.

ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಲಾರಿ ಇದು. ಉಮಾಪತಿ ಅದನ್ನು ಸಿಕಂದರಾಬಾದಿನಿಂದ ತಂದು, ಮೇಲೆ ಹಲಗೆಯ ಮನೆ ಕಟ್ಟಿಸಿದ್ದಾರೆ. ಎರಡು ಕಿಟಕಿ, ಮಡಚುವ ಮಂಚ, ಒಲೆ, ದೇವರ ಜಗಲಿ, ಜೋಳದ ಚೀಲ. ಬೀಸುವ ಕಲ್ಲನ್ನೂ ಬಿಟ್ಟಿಲ್ಲ. ಇದರ ಜೊತೆಗೆ ನಾಟಕದ ಪರದೆಗಳು, ಕಿರೀಟದ ಪೆಟ್ಟಿಗೆಗಳು. ಇಷ್ಟನ್ನೂ ಹೊತ್ತುಕೊಂಡು ಲಾರಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ವರ್ಷವಿಡೀ ತಿರುಗುತ್ತದೆ. ದಾರಿಯಲ್ಲಿ ಜಾಲಿಮುಳ್ಳಿಗೇನೂ ಬರವಿಲ್ಲ. ಬರವಿರುವುದು ಹೊಸ ಟೈರಿಗೆ. ಟ್ಯೂಬುಗಳಿಗೆ ತೇಪೆಯ ಮೇಲೆ ತೇಪೆ ಬಿದ್ದಿದೆ, ಆರೂ ಗಾಲಿ ದಿನ ಬೆಳಗಾದರೆ ಗಾಳಿ ಕೇಳುತ್ತವೆ.

ನಜೀರಸಾಬರು ಗಂಗಾವತಿ ಹತ್ತಿರದ ಮರಳಿಯವರು. ಹೆಂಡತಿ ಶಾಹಜಾದಬಿ ಅಲ್ಲೇ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಾರೆ. ಇವರು ಮೊದಲು ಕೊಪ್ಪಳದ ಬಸ್ಸೊಂದರ ಕ್ಲೀನರು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಆ ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡಿತು, ಕೊನೆಗೆ ಅದೂ ನಿಂತಿತು. ಆಮೇಲೆ ಈ ಲಾರಿಯ ಕ್ಲೀನರಾದರು. ವಯಸ್ಸು ಐವತ್ತರ ಹತ್ತಿರ. ಇಷ್ಟು ವರ್ಷ ಗಾಳಿ ಹೊಡೆದು ಹೊಡೆದು ಬಲಹೆಗಲು ಹಿಡಿದುಕೊಂಡಿದೆ, ತೋಳು ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಇನ್ನೂ ಪಂಪು ಹೊಡೆದರೆ ಆ ಕೈಯನ್ನು ಮರೆತುಬಿಡು ಎಂದು ದವಾಖಾನೆಯ ಡಾಕ್ಟರು ಹೇಳಿದ್ದಾರೆ. ಇವರು ಅದನ್ನು ಮಾಲೀಕರಿಗೆ ಹೇಳಲೇ ಇಲ್ಲ. ಯಾಕೆ ಎಂದು ನಾನು ರೇಗಿದೆ.

“ಹೇಳಿದ್ರ, ಕೈ ಹ್ವಾದವ ನಮಗ್ಯಾಕ ಅಂದ್ರ ಏನ್ ಮಾಡ್ಲಿರಿ? ಅದಕ್ಕ, ಒಂದು ಇಂಜಿನ್ ಪಂಪು ತರಸ್ರಿ, ಜಲ್ದಿ ಆಗತೈತಿ ಅಂತ ಅಷ್ಟ ಅಂದೆ.”

ಆ ಪಂಪು ಇರುವುದು ನಿಜ. ಇಂಜಿನ್ನಿನ ಒಂದು ಪ್ಲಗ್ಗು ಬಿಚ್ಚಿ ಅದೇ ತೂತಿನಲ್ಲಿ ಕೂರಿಸಿದರೆ ಇಂಜಿನ್ನೇ ಗಾಳಿ ತುಂಬುತ್ತದೆ. ನಜೀರಸಾಬರು ಸಂಕ್ರಾಂತಿಗೆ ಕೇಳಿದ್ದು. ಯುಗಾದಿ ದಾಟಿದರೂ ಉಮಾಪತಿಯವರ ವಿಚಾರ ಮುಗಿಯಲಿಲ್ಲ. ಕಾಲಿನಿಂದ ತುಳಿಯುವ ಪಂಪು ಹೇಗೆ? ಇಂಜಿನ್ನಿಗೆ ಕೇಡಾದರೆ? ಪೊಲೀಸ್ ಅಮೀನರನ್ನು ಕೇಳಿದರು, ಸಾಲೆಯ ಮಾಸ್ತರರನ್ನು ಕೇಳಿದರು, ಎಲೆ ಅಡಿಕೆ ಮಾರುವವರನ್ನೂ ಬಿಡಲಿಲ್ಲ. ಪಂಪು ಹೊಡೆಯುವ ಮನುಷ್ಯನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕೇಳಿದರು! “ಕೈಪಂಪಿನಷ್ಟು ಛಲೋದು ಯಾವ್ದೈತ್ರಿ? ಎಣ್ಣಿ ಬೇಡಂಗಿಲ್ಲ, ಏನಿಲ್ಲ” ಎಂದು ಉಮಾಪತಿ ನನ್ನೆದುರಿಗೇ ಹೇಳಿದ್ದುಂಟು.

ಕಡೆಗೊಮ್ಮೆ ಹೊಸಪೇಟೆಗೆ ಹೋದರು. ತಂದದ್ದೇನು? ಪಂಪಲ್ಲ, ಗಾಳಿ ಅಳೆಯುವ ಗೇಜು. ಗಡಿಯಾರದಂತೆ ಮುಳ್ಳಿದೆ, ಫಳಫಳ ಹೊಳೆಯುತ್ತದೆ, ಮನಸೋತರಂತೆ. ಹೊಸ ಸಾಮಾನು ಪೂಜೆಯಾಗದೆ ಬಳಕೆಗೆ ಬರುವುದುಂಟೇ? ತಾಯಿ ಬಸವಣ್ಣೆಮ್ಮ ಅದನ್ನು ಜಗಲಿಯ ಮೇಲಿಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಭಕ್ತಿಯಿಂದ ಧಾರಾಳವಾಗಿ ಬಳಿದರು. ಗೇಜಿನ ಬಾಯಿಗೂ ಬಳಿದರು.

ಮರುದಿನ ಇಟಗಿಗೆ ಹೊರಡಬೇಕು. ನಜೀರಸಾಬರು ಗಾಳಿ ಹೊಡೆದು ಗೇಜು ಹಚ್ಚಿದರೆ ಮುಳ್ಳು ಅರ್ಧಕ್ಕೆ ಏರಿ ನಿಂತುಬಿಟ್ಟಿತು. ಎದುರಿಗೆ ಕೈಕಟ್ಟಿ ನಿಂತ ಉಮಾಪತಿ, “ಇನ್ನಾ ಬಂದಿಲ್ಲ ಸಾಬ, ಹೊಡಿ” ಎಂದರು. ಹೊಡೆದರು. ಮುಳ್ಳು ಅಲುಗಲಿಲ್ಲ. “ಹೊಡಿ, ಹೊಡಿ.” ಹೆಗಲು ಉರಿಯುತ್ತಿದ್ದರೂ ಹೊಡೆದರು.

“ಕೈಲೆ ಬಡದು ನೋಡಿದ್ರ ಗೊತ್ತಾಗತಿತ್ರಿ. ನಾನೂ ಹೊಸಾದು ಸುಳ್ಳ ಹೇಳಂಗಿಲ್ಲ ಅಂತ ನಂಬಿದೆ. ನಂದೂ ತಪ್ಪೈತಿ” ಎನ್ನುತ್ತಾರೆ ನಜೀರಸಾಬರು.

ಇಟಗಿ ಇನ್ನೂ ದೂರವಿರುವಾಗಲೇ ಮಧ್ಯಾಹ್ನದ ಬಿಸಿಲಿಗೆ ಹಿಂದಿನ ಟೈರು ಸಿಡಿಯಿತು. ಲಾರಿ ವಾಲಿ, ಜೋಳವೆಲ್ಲ ರಸ್ತೆಗೆ ಚೆಲ್ಲಿತು. ದೇವರ ದಯೆ, ಯಾರಿಗೂ ಏಟಾಗಲಿಲ್ಲ. ನಜೀರಸಾಬರು ಗೇಜಿನ ಬಾಯಿಗೆ ಸೂಜಿ ಹಾಕಿ ಕೆದಕಿದರೆ ಕೆಂಪು ಕುಂಕುಮ ಉಂಡೆಯಾಗಿ ಹೊರಗೆ ಬಂತು. ಬಸವಣ್ಣೆಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಟೈರು ಬದಲಿಸಿದ ಮೇಲೆ ಅವರೇ ನಜೀರಸಾಬರಿಗೆ ರೊಟ್ಟಿ ಪಲ್ಯ ಕೊಡಲು ಬಂದರು. ನಜೀರಸಾಬರು ಎಡಗೈ ಚಾಚಿದರು.

“ಏನಪಾ ನಜೀರಾ, ಅನ್ನಕ್ಕ ಎಡಗೈ ಒಡ್ಡತೀಯಲ್ಲ!” ಎಂದು ಮುದುಕಿ ಗದರಿದರು.

“ಬಲಗೈ ಏಳವಲ್ದ್ರಿ ಅವ್ವಾರ.”

ಅಂದು ಎಲ್ಲವೂ ಹೊರಬಿತ್ತು, ಹೆಗಲು, ಡಾಕ್ಟರ ಮಾತು, ಕೆಲಸ ಹೋಗುವ ಭಯ. ಬಸವಣ್ಣೆಮ್ಮ ಮಗನತ್ತ ತಿರುಗಿದರು. “ನೀ ಇನ್ ವಿಚಾರ ಮಾಡಿದ್ದು ಸಾಕು. ಅಂವ ಕೇಳಿದ್ದನ್ನ ತರಸು. ಮತ್ತ ಅಂವ ಈ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ.”

ಪಂಪಿಗೆ ಹೇಳಿ ಕಳಿಸಿದ್ದಾಗಿದೆ, ರೈಲಿನಲ್ಲಿ ಕೊಪ್ಪಳಕ್ಕೆ ಬರಬೇಕು. ಅಲ್ಲಿಯವರೆಗೆ ಎಡಗೈಯೇ ಗತಿ. ಇದನ್ನೆಲ್ಲ ನಾನು ಕೇಳುತ್ತಿರುವಾಗ ಉಮಾಪತಿ ಬೇವಿನ ಕಡ್ಡಿ ಅಗಿಯುತ್ತಾ ಕೆಳಗಿಳಿಯುತ್ತಾರೆ. “ಕಾಲ್ಪಂಪು ತರಸಿದ್ರ ಛಲೋ ಇತ್ತೇನ್ರಿ? ನಿಮಗೇನ ಅನಸ್ತೈತಿ?” ನನ್ನ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಬಸವಣ್ಣೆಮ್ಮನ ದನಿ: “ಸುಮ್ನ ಮುಖ ತೊಳಕೊ ಹೋಗು!”

ನಜೀರಸಾಬರು ಕೊನೆಯ ಗಾಲಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಾರೆ. ಪಂಪು ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಬಲಗೈಯನ್ನು ನಿಧಾನವಾಗಿ ಎತ್ತಿ ನೋಡುತ್ತಾರೆ. ಅದು ಎದೆಯ ಹತ್ತಿರ ನಿಲ್ಲುತ್ತದೆ.

“ಹೋದ ಈದಿನ ನಮಾಜಿನಾಗ ಒಂದ ಕೈ ಕಿವಿತನಾ ಹೋತ್ರಿ, ಇನ್ನೊಂದು ಇಲ್ಲೇ ನಿಂತ್ತು. ಸಾಲಿನ್ಯಾಗ ಎಲ್ಲಾರ ನಡುವ ನಾಚಿಕಿ ಆತು. ಬರೋ ಈದಿಗೆ ಎರಡೂ ಕೈ ಎತ್ತಬೇಕ್ರಿ.”